ವಾಮ

‘ವಾಮ’ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದ. ಮೂಲದಲ್ಲಿ ಇದಕ್ಕೆ ಎರಡು ಅರ್ಥಗಳಿವೆ: ಎಡ, ಪ್ರತಿಕೂಲ, ವಕ್ರ ಎಂಬುದು ಒಂದು, ಸುಂದರ, ಪ್ರಿಯ ಎಂಬುದು ಇನ್ನೊಂದು. ‘ವಾಮಲೋಚನೆ’ ಎಂದರೆ ಚೆಲುಗಣ್ಣಿನವಳು. ‘ವಾಮದೇವ’ ಶಿವನ ಹೆಸರು. ಅರ್ಧನಾರೀಶ್ವರನ ವಾಮಭಾಗ ಪಾರ್ವತಿಯದು.

ಕನ್ನಡದ ದಿನಬಳಕೆಯಲ್ಲಿ ಮಾತ್ರ ಕೆಟ್ಟ ಅರ್ಥವೇ ಉಳಿದಿದೆ. ತಂತ್ರಸಾಧನೆಯ ಒಂದು ಪದ್ಧತಿಯ ಹೆಸರಾದ ‘ವಾಮಾಚಾರ’ ಇಂದು ಮಾಟಮಂತ್ರದ ಪರ್ಯಾಯವಾಗಿದೆ. ‘ವಾಮಮಾರ್ಗ’ ಎಂದರೆ ಅಡ್ಡದಾರಿ. ಎದುರು ಬದಿಯ ‘ಬಲ’ ಶಕ್ತಿಯನ್ನೂ ಸೂಚಿಸುತ್ತದೆ. ಮನೆಗೆ ಬರುವ ಹೊಸ ಸೊಸೆ ಹೊಸ್ತಿಲು ದಾಟುವುದು ಬಲಗಾಲಿಟ್ಟೇ.

ಕಥನ ಪರಂಪರೆಯಲ್ಲಿ ಈ ಎಣಿಕೆ ಅಷ್ಟು ಸರಳವಲ್ಲ. ಶಕುನಶಾಸ್ತ್ರದ ಪ್ರಕಾರ ಗಂಡಿಗೆ ಬಲಭಾಗ ಅದುರಿದರೆ ಶುಭ, ಹೆಣ್ಣಿಗೆ ಎಡಭಾಗ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ 5ನೆಯ ಅಂಕದಲ್ಲಿ, ದುಷ್ಯಂತನ ಎದುರು ನಿಲ್ಲುವ ಮುನ್ನ ಶಕುಂತಲೆಯ ಬಲಗಣ್ಣು ಅದುರುತ್ತದೆ, ದೊರೆ ಅವಳನ್ನು ಗುರುತಿಸದೆ ನಿರಾಕರಿಸುತ್ತಾನೆ. ಆ ಕಣ್ಣನ್ನು ಕವಿ ‘ವಾಮೇತರ’, ಅಂದರೆ ಎಡವಲ್ಲದ್ದು, ಎಂದು ಕರೆದಿದ್ದಾನೆ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಅಶೋಕವನದ ಸೀತೆಗೆ ಎಡಗಣ್ಣು ಅದುರುತ್ತದೆ. ಬೆನ್ನಿಗೇ ಹನುಮಂತನ ಮೂಲಕ ರಾಮನ ಸುದ್ದಿ ಸಿಗುತ್ತದೆ. ಆದ್ದರಿಂದ ಹಳೆಯ ಕಾವ್ಯ ಓದುವಾಗ ‘ವಾಮ’ ಕಂಡಲ್ಲೆಲ್ಲ ಕೇಡನ್ನೇ ಊಹಿಸಬಾರದು. ಸಂದರ್ಭ ನೋಡಿ ಅರ್ಥ ಹಿಡಿಯಬೇಕು.