ಬೈಲಕುಪ್ಪೆ: ನಿರಾಶ್ರಿತ ಯುವಜನರ ಕಸುಬು ತರಬೇತಿ

ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಕರ್ನಾಟಕದ ಅತ್ಯಂತ ಹಳೆಯ ಟಿಬೆಟನ್ ನಿರಾಶ್ರಿತರ ನೆಲೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಊರುಬಿಟ್ಟು ಬಂದವರಿಗಾಗಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಕಾಡು ಕಡಿದು, ಡೇರೆಗಳಲ್ಲಿ ಮಲಗಿ, ಮುಸುಕಿನ ಜೋಳ ಬಿತ್ತಿದವರಲ್ಲಿ ಅನೇಕರು ಅದುವರೆಗೆ ಯಾಕ್ ಮೇಯಿಸಿಕೊಂಡಿದ್ದವರು.

ಜಮೀನು ಬೆಳೆಯಲಿಲ್ಲ, ಮನೆಗಳು ಬೆಳೆದವು. ಎರಡನೆಯ ತಲೆಮಾರಿಗೆ ಬೇರೆ ಕಸುಬು ಬೇಕೇ ಆಯಿತು.

ಮೊದಲು ಕೈಹಿಡಿದದ್ದು ರತ್ನಗಂಬಳಿ. ನಿಲುವು ಮಗ್ಗದ ಹಾಸುನೂಲುಗಳಿಗೆ ಅಡ್ಡಲಾಗಿ ಒಂದು ಸರಳನ್ನು ಇಟ್ಟು, ಉಣ್ಣೆಯ ಎಳೆಯನ್ನು ಹಾಸಿನ ನೂಲಿಗೂ ಸರಳಿಗೂ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಬಡಿದು ಬಿಗಿಗೊಳಿಸಿ, ಸರಳಿನ ಉದ್ದಕ್ಕೂ ಚಾಕು ಎಳೆಯುತ್ತಾರೆ. ಕುಣಿಕೆಗಳು ಸೀಳಿ ಸರಳು ಬಿಡಿಸಿಕೊಳ್ಳುತ್ತದೆ. ಆ ಸೀಳಿದ ತುದಿಗಳೇ ಗಂಬಳಿಯ ಮೆತ್ತನೆಯ ಮೈ. ಕಸುಬು ತವರಿನದೇ, ಬಂಡವಾಳವೂ ಹೆಚ್ಚು ಬೇಡ. ಆದ್ದರಿಂದ ಹೆಣ್ಣುಮಕ್ಕಳು ಬೇಗ ಕಲಿತರು. ಗಂಡುಹುಡುಗರಲ್ಲಿ ಕೆಲವರಿಗೆ ಟ್ರಾಕ್ಟರ್ ರಿಪೇರಿಯೇ ಪಾಠಶಾಲೆ. ಉಣ್ಣೆ ತರಿಸುವುದು, ಮಾಲು ಮಾರುವುದು, ಸಾಲ ಕೊಡುವುದು ನೆಲೆಯ ಸಹಕಾರ ಸಂಘದ ಪಾಲಿಗೆ ಬಂತು. ಈ ವ್ಯವಸ್ಥೆ ಇಲ್ಲದೆ ಬರೀ ತರಬೇತಿ ಕೊಟ್ಟಿದ್ದರೆ ಮಗ್ಗ ಮೂಲೆ ಸೇರುತ್ತಿತ್ತು.

ಮುಂದೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ಟಿಬೆಟನ್ ನೆಲೆಗಳಾದವು. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಟಿಬೆಟನ್ನರ ಕೆಲಸ ಮುಗಿಸಿದ ಮೇಲೆ ಅದು ಕನ್ನಡ ಹಳ್ಳಿಗಳ ಬಡವರತ್ತ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿತು. ನಿರಾಶ್ರಿತರ ನಡುವೆ ಪಳಗಿದ ಸಂಸ್ಥೆಯಿಂದ ನಮ್ಮವರಿಗೂ ಲಾಭವಾಯಿತು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಅದೇ ದಶಕದಲ್ಲಿ, 1982ರಲ್ಲಿ, ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಎಂಬ ಸಂಸ್ಥೆ ಸ್ಥಳೀಯ ನಿರುದ್ಯೋಗಿಗಳಿಗೆ ಉಚಿತ ವಸತಿ ತರಬೇತಿ ಕೊಟ್ಟಿತು. ಕಲಿತು ಹೋದವರ ಬೆನ್ನು ಬಿಡದೆ ಬ್ಯಾಂಕ್ ಸಾಲದವರೆಗೂ ಜೊತೆಗಿರುವುದು ಅದರ ವಿಶೇಷ. ಬೈಲಕುಪ್ಪೆಯಲ್ಲಿ ಸಹಕಾರ ಸಂಘ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಆದರೂ ಕಲಿಸಿದ ಕಸುಬೇ ಗೆದ್ದಿತು ಎನ್ನಲಾಗದು. ಗಂಬಳಿ ನೇಯ್ಗೆಯಲ್ಲಿ ದುಡಿಮೆ ಹೆಚ್ಚು, ಕೂಲಿ ಕಡಿಮೆ. ಯುವಕರು ಮಗ್ಗದಿಂದ ದೂರ ಸರಿದರು. ಯಾರೂ ತರಬೇತಿ ಕೊಡದ ಸ್ವೆಟರ್ ವ್ಯಾಪಾರ ಅನೇಕ ಮನೆಗಳ ಒಲೆ ಹೊತ್ತಿಸಿತು: ಕೊಯ್ಲು ಮುಗಿಸಿ, ಲುಧಿಯಾನದ ಮಾಲು ತಂದು, ಚಳಿಗಾಲ ಪೂರ್ತಿ ಪಟ್ಟಣಗಳ ಬೀದಿಬದಿಯಲ್ಲಿ ಅಂಗಡಿ.

ಬೇರೆ ದಾರಿಗಳೂ ಕಡಿಮೆಯೇ: ಭಾರತದ ಪೌರತ್ವವಿಲ್ಲದವರಿಗೆ ಸರ್ಕಾರಿ ನೌಕರಿಯ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ಅಂಗಡಿ ಪರವಾನಗಿಗೂ, ನರ್ಸಿಂಗ್, ಶಿಕ್ಷಕ ವೃತ್ತಿ, ಎಂಜಿನಿಯರಿಂಗ್‌ನಂಥ ಕೆಲಸಗಳಿಗೂ ಅವಕಾಶ ಕೊಡುವಂತೆ ರಾಜ್ಯಗಳಿಗೆ ಸೂಚಿಸಿದೆ.