ಹೊನ್ನಿನ ಕರು: ಅಂದು, ಇಂದು

ಸೀನಾಯ್ ಬೆಟ್ಟದ ಬುಡದಲ್ಲಿ ಇಸ್ರಯೇಲರು ಹೊನ್ನಿನ ಕರುವನ್ನು ಎರಕಹೊಯ್ದು ಪೂಜಿಸಿದರು; ಇಪ್ಪತ್ತನೆಯ ಶತಮಾನದ ನಾಜಿ ಜರ್ಮನಿ ಜನಾಂಗವನ್ನೂ ರಾಷ್ಟ್ರವನ್ನೂ ದೇವರ ಪೀಠದಲ್ಲಿ ಕೂರಿಸಿತು. ಇದೂ ವಿಗ್ರಹಾರಾಧನೆಯೇ ಎಂದು ಸಾರಿದ ಹನ್ನೊಂದನೆಯ ಪಿಯುಸ್ ಜಗದ್ಗುರುಗಳ ವಿಶ್ವಪತ್ರವನ್ನು ಗುಟ್ಟಾಗಿ ಅಚ್ಚುಹಾಕಿಸಿ, 1937ರ ಮಾರ್ಚ್ 21ರ ಗರಿಗಳ ಭಾನುವಾರದಂದು ಅಲ್ಲಿನ ದೇವಾಲಯಗಳಲ್ಲಿ ಓದಲಾಯಿತು. ಅದನ್ನು ಅಚ್ಚುಹಾಕಿದ ಹಲವು ಮುದ್ರಣಾಲಯಗಳನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು.

ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಗ್ರಾಮದ ರೈತ, ದೇವಾಲಯದ ಪರಿಚಾರಕ ಫ್ರಾಂಜ್ ಯೇಗರ್‌ಷ್ಟೆಟರ್ ಹಿಟ್ಲರನಿಗಾಗಿ ಆಯುಧ ಹಿಡಿಯಲೊಪ್ಪಲಿಲ್ಲ. ಮಡದಿಯನ್ನೂ ಮೂವರು ಎಳೆಯ ಹೆಣ್ಣುಮಕ್ಕಳನ್ನೂ ಅಗಲಿ 1943ರ ಆಗಸ್ಟ್ 9ರಂದು ಶಿರಚ್ಛೇದಕ್ಕೊಳಗಾದರು. 2007ರಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಘೋಷಿಸಿತು.

ಶತಮಾನೋತ್ಸವದ ಈ ವರ್ಷ ನಾವು ನಮ್ಮ ಹಿರಿಯರು ಮೊಣಕಾಲೂರಿದ ಬಲಿಪೀಠದ ಮುಂದೆಯೇ ಮೊಣಕಾಲೂರುತ್ತೇವೆ. ಹೊರಬಂದೊಡನೆ ಹಣಕ್ಕೆ, ಅಧಿಕಾರಕ್ಕೆ, ಜಾತಿಗೆ ತಲೆಬಾಗುತ್ತಿರುವೆವೇ? ಮೊದಲನೆಯ ದೈವಾಜ್ಞೆಗೆ ಉತ್ತರ ಕೊಡಬೇಕಾದವರು ನಾವೇ.