1939ರಲ್ಲಿ ಹುಟ್ಟಿದ ಎರಡು ಗೇರ್‌ಬಾಕ್ಸ್‌ಗಳು

ಒಂದು ಯಂತ್ರ ಗೆದ್ದಿತು, ಇನ್ನೊಂದು ಸೋತಿತು ಎಂದು ಚರಿತ್ರೆ ಯಾವಾಗ ತೀರ್ಪು ಕೊಡಬಹುದು? ತಂತ್ರಜ್ಞಾನದ ಇತಿಹಾಸ ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು. ಸ್ಪೋರ್ಟ್ಸ್ ಕಾರುಗಳ ಗೇರ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಡ್ಯುಯಲ್ ಕ್ಲಚ್ ಹೊಸದು, ಚುರುಕಿನದು. ಮಾಮೂಲಿ ಆಟೊಮ್ಯಾಟಿಕ್ ಹಳೆಯದು, ಜಡವಾದದ್ದು ಎಂಬ ಮಾತು ಕಾರುಪ್ರಿಯರಲ್ಲಿ ಬೇರೂರಿದೆ. ಆದರೆ ಇವೆರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

ಎಂಜಿನ್ ತಿರುಗುತ್ತಲೇ ಇರಬೇಕು, ಕಾರು ಮಾತ್ರ ನಿಂತು ಹೊರಡಬೇಕು. ಇವುಗಳ ನಡುವಿನ ಕೊಂಡಿ ಯಾವುದು? ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಅದು ಎಣ್ಣೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಳ್ಳಿ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದನ್ನು ಯೋಚಿಸಿದ್ದು ಹಡಗುಗಳಿಗಾಗಿ. ಇದರಿಂದ ಕಾರು ನಯವಾಗಿ ಹೊರಡುತ್ತದೆ, ಆದರೆ ಎಣ್ಣೆ ಜಾರುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ 1, 3, 5ನೇ ಗೇರುಗಳು ಒಂದು ಕ್ಲಚ್ಚಿನ ಪಾಲಿಗೆ, 2, 4, 6 ಇನ್ನೊಂದರ ಪಾಲಿಗೆ. ಕಾರು ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಶಕ್ತಿಯ ಹರಿವು ಕಡಿಯುವುದಿಲ್ಲ.

ಈ ಎರಡನೆಯ ಉಪಾಯ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್‌ದು. ರಷ್ಯಾದ ಜಾರ್ ಎರಡನೇ ನಿಕೊಲಾಸ್‌ನ ಕಾರುಗಳನ್ನು ನೋಡಿಕೊಂಡಿದ್ದ ಈ ಎಂಜಿನಿಯರ್, 1939ರಲ್ಲಿ ಸಿಟ್ರೊಯೆನ್ ಟ್ರ್ಯಾಕ್ಷನ್ ಅವಾಂಗಾಗಿ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್ ರೂಪಿಸಿದ. ಅದೇ ವರ್ಷ ಯುದ್ಧ ಶುರುವಾಯಿತು. ಗೇರ್‌ಬಾಕ್ಸ್ ತಯಾರಿಕೆಗೆ ಹೋಗಲೇ ಇಲ್ಲ. 1943ರಲ್ಲಿ ಕೆಗ್ರೆಸ್ ತೀರಿಕೊಂಡ. ಅದೇ 1939ರಲ್ಲಿ ಅಮೆರಿಕದ ಜನರಲ್ ಮೋಟರ್ಸ್, ಎಣ್ಣೆಯ ಕೊಂಡಿಯ ಹೈಡ್ರಾಮ್ಯಾಟಿಕ್ ಅನ್ನು 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ ಹೊರತಂದಿತು. ಫ್ರಾನ್ಸಿನ ಗೇರ್‌ಬಾಕ್ಸಿಗೆ ಅಡ್ಡ ಬಂದ ಯುದ್ಧವೇ ಇದಕ್ಕೆ ಅವಕಾಶವಾಯಿತು: ಸ್ಟುವರ್ಟ್ ಎಂ5 ಟ್ಯಾಂಕಿನಲ್ಲಿ ಹೈಡ್ರಾಮ್ಯಾಟಿಕ್ ದುಡಿಯಿತು. ಯಾವುದು ಮೇಲು ಎಂಬ ಪರೀಕ್ಷೆ ನಡೆದೇ ಇರಲಿಲ್ಲ. ಒಂದರ ಬೆನ್ನಿಗೆ ದೊಡ್ಡ ಕಾರ್ಖಾನೆಗಳಿದ್ದವು, ಇನ್ನೊಂದು ಹುಟ್ಟಿದ ದೇಶ ಶತ್ರುವಿನ ವಶವಾಗಿತ್ತು.

1953ರಲ್ಲಿ ಬಂದ ಮೊದಲ ಷೆವ್ರೊಲೆ ಕಾರ್ವೆಟ್, ಸ್ಪೋರ್ಟ್ಸ್ ಕಾರು ಎನಿಸಿಕೊಂಡರೂ, ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್‌ನೊಂದಿಗೆ ಮಾತ್ರ ಸಿಗುತ್ತಿತ್ತು. ಆಟೊಮ್ಯಾಟಿಕ್ ಎಂದರೆ ಸೋಮಾರಿ ಎಂಬ ಹೆಸರು ಇಂಥ ಕಾರುಗಳಿಂದಲೇ ಅಂಟಿಕೊಂಡಿರಬೇಕು.

ಜೋಡಿ ಕ್ಲಚ್ಚಿಗೆ ಬೇಕಾಗಿದ್ದದ್ದು ಕರಾರುವಾಕ್ಕಾಗಿ ಕೆಲಸ ಮಾಡುವ ಒಂದು ಮೆದುಳು. ಒಂದು ಕ್ಲಚ್ ಬಿಡುವ, ಇನ್ನೊಂದು ಹಿಡಿಯುವ ಕ್ಷಣ ಚೂರು ತಪ್ಪಿದರೂ ಕಾರು ಜಗ್ಗುತ್ತದೆ. ಆ ಮೆದುಳು ಎಲೆಕ್ಟ್ರಾನಿಕ್ಸ್ ರೂಪದಲ್ಲಿ ಬಂದದ್ದು 1980ರ ದಶಕದಲ್ಲಿ. ಪೋರ್ಷೆ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಪಿಡಿಕೆ ಹೆಸರಿನ ಜೋಡಿ ಕ್ಲಚ್ಚನ್ನು ಪ್ರಯೋಗಿಸಿತು. ಗೇರು ಬದಲಿಸಲು ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಟರ್ಬೊದ ಒತ್ತಡ ಇಳಿಯುತ್ತಿತ್ತು. ಪಿಡಿಕೆಯಲ್ಲಿ ಕಾಲು ತೆಗೆಯಬೇಕಿರಲಿಲ್ಲ. ಅದು ಭಾರವಾಗಿತ್ತು, ಮೊದಮೊದಲು ಕೆಡುತ್ತಲೂ ಇತ್ತು. ಆದರೂ 1986ರ ಮೋಂಜಾ ರೇಸಿನಲ್ಲಿ ಹಾನ್ಸ್ ಸ್ಟುಕ್ ಮತ್ತು ಡೆರೆಕ್ ಬೆಲ್ ಅದರೊಂದಿಗೇ ಗೆದ್ದರು.

2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32, 2007ರಲ್ಲಿ ನಿಸ್ಸಾನ್ ಜಿಟಿ-ಆರ್, 2008ರಲ್ಲಿ ಫೆರಾರಿ ಕ್ಯಾಲಿಫೋರ್ನಿಯಾ ಮತ್ತು ಪೋರ್ಷೆ 911 ಜೋಡಿ ಕ್ಲಚ್ ಪಡೆದವು. 911ರಲ್ಲಿ ಅದು ಟಿಪ್ಟ್ರಾನಿಕ್ ಎಂಬ ಮಾಮೂಲಿ ಆಟೊಮ್ಯಾಟಿಕ್ ಅನ್ನೇ ಹೊರಹಾಕಿತು. ಕಥೆ ಮುಗಿಯಿತು ಎಂದೇ ಆಗ ಅನ್ನಿಸಿರಬೇಕು.

ಮುಗಿಯಲಿಲ್ಲ. 2009ರಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್ ಬಂತು. ಮಾಮೂಲಿ ಆಟೊಮ್ಯಾಟಿಕ್‌ನ ಹೊಟ್ಟೆಯಲ್ಲೂ ಕ್ಲಚ್ಚುಗಳಿವೆ. ಅಲ್ಲೂ ಒಂದು ಬಿಡುತ್ತಾ ಇನ್ನೊಂದು ಹಿಡಿಯುತ್ತದೆ. ಎದುರಾಳಿಯನ್ನು ಬೆಳೆಸಿದ ಎಲೆಕ್ಟ್ರಾನಿಕ್ಸ್ ಇದನ್ನೂ ಚುರುಕಾಗಿಸಿತು. ಕಾರು ಹೊರಟ ಸ್ವಲ್ಪ ಹೊತ್ತಿಗೇ ಎಣ್ಣೆಯ ಕೊಂಡಿಯನ್ನು ಲಾಕ್ ಮಾಡುವುದರಿಂದ ಪೋಲೂ ತಗ್ಗಿತು. ಟ್ರಾಫಿಕ್‌ನಲ್ಲಿ ತೆವಳುವಾಗ ಜೋಡಿ ಕ್ಲಚ್ಚು ಉಜ್ಜಿ ಬಿಸಿಯಾಗುತ್ತದೆ. ಎಣ್ಣೆಗೆ ಆ ಜಾರುವಿಕೆ ಸಹಜ. 2011ರಲ್ಲಿ ಜೋಡಿ ಕ್ಲಚ್ ಹೊತ್ತಿದ್ದ ಬಿಎಂಡಬ್ಲ್ಯು ಎಂ5, 2017ರ ಹೊಸ ಪೀಳಿಗೆಯಲ್ಲಿ ಮಾಮೂಲಿ ಆಟೊಮ್ಯಾಟಿಕ್‌ಗೆ ಮರಳಿತು. ಕಾರ್ವೆಟ್ ತದ್ವಿರುದ್ಧ ದಿಕ್ಕಿಗೆ ಹೊರಟಿತು: ಅದರ 2020ರ ಮಾದರಿಗೆ ಜೋಡಿ ಕ್ಲಚ್ ಬಿಟ್ಟು ಬೇರೆ ಆಯ್ಕೆಯೇ ಇಲ್ಲ.

ಹೀಗಿರುವಾಗ ಗೆದ್ದವರು ಯಾರು? 1950ರಲ್ಲಿ ಬರೆದ ಚರಿತ್ರೆಯಲ್ಲಿ ಕೆಗ್ರೆಸ್ ಅಡಿಟಿಪ್ಪಣಿಗೂ ಸಲ್ಲುತ್ತಿರಲಿಲ್ಲ. 2008ರಲ್ಲಿ ಬರೆದಿದ್ದರೆ ಆತ ದಾರ್ಶನಿಕ, ಹೈಡ್ರಾಮ್ಯಾಟಿಕ್ ಅಡ್ಡದಾರಿ. ಎರಡೂ ಬರಹಗಳು ಬರೆದ ದಿನದ ಮಾರುಕಟ್ಟೆಯನ್ನೇ ತೀರ್ಪೆಂದು ತಿಳಿದಂತಾಗುತ್ತಿತ್ತು. ‘ಮೊದಲು ಮಾಡಿದವರು ಯಾರು’ ಎಂಬ ಪ್ರಶ್ನೆಯ ಜೊತೆಗೆ, ‘ಅದು ನಡೆಯಲು ಸುತ್ತ ಏನೆಲ್ಲ ಇರಬೇಕಿತ್ತು, ಅದು ಯಾರ ಬಳಿ ಇತ್ತು’ ಎಂದೂ ನಾವು ಕೇಳಬೇಕು. ಕೆಗ್ರೆಸ್‌ನ ಬಳಿ ಉಪಾಯವಿತ್ತು. ಅದಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ಬರುವ ಹೊತ್ತಿಗೆ ಆತ ಸತ್ತು ನಾಲ್ಕು ದಶಕ ಕಳೆದಿತ್ತು.